ಮಲೇರಿಯಾಕ್ಕೆ ಗಟ್ಟಿ ಲಸಿಕೆ ಏಕಿಲ್ಲ ಎಂದು ಕೇಳುವವರಿಗೆ

ಮಂಗಳೂರಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುವವರಿಗೆ ಮಳೆಗಾಲ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ: "ಕೊರೋನಾಕ್ಕೆ ವರ್ಷದೊಳಗೆ ಲಸಿಕೆ ಬಂತು. ಮಲೇರಿಯಾ ಅಜ್ಜನ ಕಾಲದ ಕಾಯಿಲೆ, ಇದಕ್ಕೇಕೆ ಇಲ್ಲ?" ಅದರ ಬೆನ್ನಿಗೇ ಇನ್ನೊಂದು: "ನನಗೆ ಒಮ್ಮೆ ಬಂದು ಹೋಗಿದೆ, ಇನ್ನು ಬರಲಿಕ್ಕಿಲ್ಲ ಅಲ್ಲವೇ?" ಎರಡನೆಯದಕ್ಕೆ ಉತ್ತರ ಕೊಟ್ಟರೆ ಮೊದಲನೆಯದು ಅರ್ಧ ಬಿಡಿಸಿದಂತೆ.

ಬರುತ್ತದೆ. ಮತ್ತೆ ಮತ್ತೆ ಬರುತ್ತದೆ. ದಡಾರ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಜೀವಮಾನದಲ್ಲಿ ಮತ್ತೆ ಬರುವುದಿಲ್ಲ. ದೇಹ ತಾನಾಗಿಯೇ ಗೆಲ್ಲುವ ಇಂಥ ರೋಗಕ್ಕೆ ಲಸಿಕೆ ಮಾಡುವವರಿಗೆ ದಾರಿ ಕಾಣುತ್ತದೆ: ರೋಗದ ಕಷ್ಟವಿಲ್ಲದೆ ಅದೇ ಗೆಲುವನ್ನು ದೇಹಕ್ಕೆ ಕಲಿಸಿದರೆ ಸಾಕು. ಮಲೇರಿಯಾದ ವಿಷಯದಲ್ಲಿ ದೇಹಕ್ಕೇ ಆ ವಿದ್ಯೆ ಗೊತ್ತಿಲ್ಲ.

ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ಕೆಲವು ಊರುಗಳಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ ನೂರಾರು ಸಲ ಸೋಂಕಿತ ಸೊಳ್ಳೆ ಕಚ್ಚುವುದುಂಟು. ಅಲ್ಲಿ ಐದು ವರ್ಷ ದಾಟಿ ಉಳಿದ ಮಗು ಪ್ರಾಣಕ್ಕೆ ಎರವಾಗುವ ಮಲೇರಿಯಾದಿಂದ ಬಹುಮಟ್ಟಿಗೆ ಪಾರಾದಂತೆ. ದೊಡ್ಡವರಾದ ಮೇಲೆ ರಕ್ತದಲ್ಲಿ ರೋಗಾಣು ಇದ್ದರೂ ಜ್ವರವಿಲ್ಲದೆ ಹೊಲಕ್ಕೆ ಹೋಗಿಬರುತ್ತಾರೆ. ಇದನ್ನು ಗೆಲುವು ಎನ್ನಲಾಗದು, ಇದೊಂದು ರಾಜಿ. ಊರು ಬಿಟ್ಟು ಹಲವು ವರ್ಷ ಯುರೋಪಿನಲ್ಲಿದ್ದು ಮರಳಿದವರಲ್ಲಿ ಆ ರಾಜಿಯೂ ಸಡಿಲಗೊಂಡಿರುತ್ತದೆ. ಇಷ್ಟಾದರೂ ರಕ್ಷಣೆಯಂತೂ ನಿಜ. 1961ರಲ್ಲಿ ಗ್ಯಾಂಬಿಯಾದಲ್ಲಿ ವಯಸ್ಕರ ರಕ್ತದ ಪ್ರತಿಕಾಯಗಳನ್ನು ಬೇರ್ಪಡಿಸಿ ಮಲೇರಿಯಾ ಬಂದ ಮಕ್ಕಳಿಗೆ ಕೊಟ್ಟಾಗ ರೋಗಾಣುಗಳ ಸಂಖ್ಯೆ ಇಳಿಯಿತು.

ಹಾಗಾದರೆ ತೊಡಕು ಎಲ್ಲಿದೆ? ನಾನು ದಿನವೂ ನೋಡುವ ಗಾಜಿನ ಪಟ್ಟಿಯಲ್ಲೇ ಅರ್ಧ ಉತ್ತರವಿದೆ. ಹರಡಿದ ರಕ್ತಕ್ಕೆ ಬಣ್ಣ ಹಾಕಿ, ಎಣ್ಣೆಯ ಹನಿಯಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾಸಲು ಗುಲಾಬಿ ಕಣದೊಳಗೆ ತೆಳ್ಳನೆಯ ನೀಲಿ ಉಂಗುರ, ಅದರ ಅಂಚಿನಲ್ಲಿ ಕೆಂಪು ಚುಕ್ಕೆ. ಅದೇ ರೋಗಾಣು. ನಮ್ಮಲ್ಲಿ ಕಾಣುವ ಮಲೇರಿಯಾ ರೋಗಾಣುಗಳಲ್ಲಿ ಮುಖ್ಯವಾದ ಬಗೆ ಎರಡು, ವೈವ್ಯಾಕ್ಸ್ ಮತ್ತು ಫಾಲ್ಸಿಪಾರಂ. ವೈವ್ಯಾಕ್ಸ್ ಆದರೆ ಎಳೆಯದು, ನಡುವಯಸ್ಸಿನದು, ಒಡೆಯಲು ಸಿದ್ಧವಾದದ್ದು ಎಲ್ಲವೂ ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ಫಾಲ್ಸಿಪಾರಂನಲ್ಲಿ ಬಹುತೇಕ ಎಳೆಯ ಉಂಗುರಗಳೇ. ಅಪರೂಪಕ್ಕೆ ಬಾಳೆಹಣ್ಣಿನಾಕಾರದ ಲೈಂಗಿಕ ರೂಪಗಳು. ಬೆಳೆದವು ಎಲ್ಲಿ ಹೋದವು? ಮಿದುಳು ಮೊದಲಾದ ಅಂಗಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಕುಳಿತಿರುತ್ತವೆ. ರಕ್ತದ ಜೊತೆ ಹರಿದರೆ ಗುಲ್ಮ ಅವನ್ನು ಸೋಸಿ ಮುಗಿಸಿಬಿಡುತ್ತದೆ.

ಅಂಟಿಕೊಳ್ಳಲು ಫಾಲ್ಸಿಪಾರಂ ಕೆಂಪು ರಕ್ತಕಣದ ಹೊರಮೈಗೆ ತನ್ನದೊಂದು ಪ್ರೋಟೀನನ್ನು ತಳ್ಳಬೇಕು. ದೇಹಕ್ಕೆ ಅದು ಕಣ್ಣಿಗೆ ಬೀಳುತ್ತದೆ, ಪ್ರತಿಕಾಯ ತಯಾರಾಗುತ್ತದೆ. ಆದರೆ ಆ ಪ್ರೋಟೀನಿಗೆ ಈ ಜೀವಿಯ ಬಳಿ ಸುಮಾರು 60 ಬೇರೆ ಬೇರೆ ಜೀನ್‌ಗಳಿವೆ. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿ ಕಾದು ಕುಳಿತವರಂತೆ. ಒಂದು ಹೊತ್ತಿಗೆ ಒಬ್ಬರೇ ರಂಗಕ್ಕೆ. ದೇಹ ಒಂದನ್ನು ಗುರುತಿಸುವಷ್ಟರಲ್ಲಿ ಇನ್ನೊಂದು ಹೊರಗೆ ಬಂದಿರುತ್ತದೆ. ಮುಂದಿನ ಸೊಳ್ಳೆ ತರುವ ಫಾಲ್ಸಿಪಾರಂನ ಬಳಿ ಇರುವ 60 ಮತ್ತೆ ಬೇರೆಯೇ. ಮಲೇರಿಯಾವನ್ನು ವರ್ಷಗಟ್ಟಲೆ ತಡೆದುಕೊಂಡು ಬಂದ ಹೆಂಗಸು ಮೊದಲ ಬಸುರಿನಲ್ಲಿ ಮತ್ತೆ ಅಪಾಯಕ್ಕೆ ಸಿಲುಕುವುದೂ ಇದೇ ಕಾರಣಕ್ಕೆ. ಮಾಸಿನಲ್ಲಿ (ಜರಾಯುವಿನಲ್ಲಿ) ಅಂಟಲು ಬಳಸುವ ಪ್ರೋಟೀನನ್ನು ಅವಳ ದೇಹ ಅದುವರೆಗೆ ಕಂಡೇ ಇರುವುದಿಲ್ಲ. ಎರಡನೆಯ, ಮೂರನೆಯ ಬಸುರಿನ ಹೊತ್ತಿಗೆ ಅದೂ ಪರಿಚಯವಾಗುತ್ತದೆ.

ಇನ್ನು ಕೊರೋನಾದ ಹೋಲಿಕೆ. ಆ ವೈರಸ್ಸಿನಲ್ಲಿ ಇರುವುದು ಮೂವತ್ತರ ಆಸುಪಾಸಿನ ಪ್ರೋಟೀನುಗಳು. ಮಲೇರಿಯಾದ ಜೀವಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಜೀನ್‌ಗಳು. ಚರ್ಮದಲ್ಲಿ, ಯಕೃತ್ತಿನಲ್ಲಿ, ರಕ್ತದಲ್ಲಿ ಒಂದೊಂದು ಕಡೆ ಒಂದೊಂದು ರೂಪ. ಈಗಿನ ಲಸಿಕೆಗಳು ಸೊಳ್ಳೆ ಕಚ್ಚಿದ ಸ್ಥಳದಿಂದ ಯಕೃತ್ತಿಗೆ ಹೊರಟ ಮೊದಲ ರೂಪದ ಮೇಲೆ ಗುರಿಯಿಟ್ಟಿವೆ. ಸಿಗುವ ಸಮಯ ತೀರಾ ಕಡಿಮೆ, ನಿಮಿಷಗಳಿಂದ ಕೆಲವು ಗಂಟೆ. ಕಣ್ತಪ್ಪಿಸಿ ಒಂದೇ ಒಂದು ರೋಗಾಣು ಯಕೃತ್ತು ಸೇರಿದರೂ ಸಾಕು, ವಾರದೊಳಗೆ ಅದು ಸಾವಿರಾರಾಗಿ ರಕ್ತಕ್ಕೆ ಧುಮುಕುತ್ತದೆ.

1987ರಲ್ಲಿ ರೂಪಿಸುವ ಕೆಲಸ ಆರಂಭವಾದ ಆರ್‌ಟಿಎಸ್,ಎಸ್ ಎಂಬ ಮಲೇರಿಯಾ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿದ್ದು 2021ರಲ್ಲಿ. ದೊಡ್ಡ ಪ್ರಯೋಗದಲ್ಲಿ ನಾಲ್ಕು ಡೋಸ್ ಪಡೆದ ಮಕ್ಕಳಲ್ಲಿ ನಾಲ್ಕು ವರ್ಷಗಳ ಅವಧಿಗೆ ಮಲೇರಿಯಾ ಶೇ. 36ರಷ್ಟು ಕಡಿಮೆಯಾಗಿತ್ತು. ಇಷ್ಟೇನಾ ಎಂದು ಮೂಗು ಮುರಿಯುವವರಿದ್ದಾರೆ. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಅಂದಾಜು 5,97,000, ಬಹುಪಾಲು ಆಫ್ರಿಕಾದ ಎಳೆಯ ಮಕ್ಕಳು. ಆ ಲೆಕ್ಕದ ಮುಂದೆ ಮೂಗು ಮುರಿಯಲು ನನಗೆ ಮನಸ್ಸು ಬರುವುದಿಲ್ಲ. ಆಕ್ಸ್‌ಫರ್ಡ್ ರೂಪಿಸಿ ಪುಣೆಯ ಸೀರಂ ಸಂಸ್ಥೆ ತಯಾರಿಸುವ ಆರ್21 ಎಂಬ ಇನ್ನೊಂದು ಲಸಿಕೆಗೆ 2023ರಲ್ಲಿ ಶಿಫಾರಸು ಸಿಕ್ಕಿತು. ಮಲೇರಿಯಾದ ಋತುವಿಗೆ ಮುಂಚೆಯೇ ಕೊಟ್ಟ ಕಡೆ ಮೊದಲ ವರ್ಷ ಅದರ ರಕ್ಷಣೆ ಶೇ. 75ರಷ್ಟು. ಬೆಲೆಯೂ ಅಗ್ಗ.

ಪುಣೆಯಲ್ಲೇ ಆಗುವುದಾದರೆ ನಮಗೇಕೆ ಕೊಡುವುದಿಲ್ಲ ಎಂಬುದು ಮುಂದಿನ ಪ್ರಶ್ನೆ. ಎರಡೂ ಲಸಿಕೆಗಳು ಫಾಲ್ಸಿಪಾರಂಗೆ ಮಾಡಿದವು. ಮಂಗಳೂರಿನಲ್ಲಿ ನಮಗೆ ಸಿಗುವುದು ಹೆಚ್ಚಾಗಿ ವೈವ್ಯಾಕ್ಸ್, ಅದರ ಮೇಲೆ ಇವು ನಡೆಯುವುದಿಲ್ಲ. ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು, ಹೊಸ ಸೊಳ್ಳೆ ಕಚ್ಚದೆಯೂ ಎದ್ದು ಬರುತ್ತದೆ. ಹಾಗೆ ಮಲಗಿದ್ದನ್ನು ಕೊಲ್ಲಲಿಕ್ಕೆಂದೇ ವೈದ್ಯರು 14 ದಿನದ ಪ್ರೈಮಾಕ್ವಿನ್ ಬರೆದುಕೊಡುತ್ತಾರೆ. ಮೂರನೆಯ ದಿನ ಜ್ವರ ಬಿಟ್ಟಿತೆಂದು ಮಾತ್ರೆಯನ್ನೂ ಬಿಟ್ಟವರು ಕೆಲವು ತಿಂಗಳ ನಂತರ ಮತ್ತೆ ನಮ್ಮ ಬೆಂಚಿನ ಮೇಲೆ ಬೆರಳು ಚಾಚಿ ಕುಳಿತು, ಲಸಿಕೆ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ.