ಇಪ್ಪತ್ಮೂರನೇ ಪುಟದ ಕತ್ತಲು

ಹೋದ ವಾರ ಇಪ್ಪತ್ಮೂರನೇ ಪುಟ ಮುಗಿಯಿತು. ನಾಲ್ಕು ತಿಂಗಳಿಂದ ಅಲ್ಲೇ ನಿಂತಿತ್ತು. ಒಟ್ಟು 48 ಪುಟದ ಕಾಮಿಕ್ಸ್ ಮಾಡಬೇಕು ಅಂತ ಶುರು ಮಾಡಿ ಎರಡು ವರ್ಷ ದಾಟಿದೆ. ಇನ್ನೂ ಅರ್ಧ ಕೂಡ ಆಗಿಲ್ಲ. ಆದರೂ ಒಂದು ವಾರದಿಂದ ಮನಸ್ಸು ಎಷ್ಟು ಹಗುರಾಗಿದೆ ಅಂದ್ರೆ, ಯಾರಿಗಾದರೂ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಹಗಲು ನಾನು ಬೀದರಿನ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಕಾರ್ಡು, ಫ್ಲೆಕ್ಸ್ ಬ್ಯಾನರ್ ಡಿಸೈನ್ ಮಾಡುತ್ತೇನೆ. ಮನೆಗೆ ಬಂದು ಊಟ ಮುಗಿಸಿ ಟೇಬಲ್ ಮುಂದೆ ಕೂತರೆ ಒಂದೂವರೆ ಗಂಟೆ ಸಿಗುತ್ತದೆ. ಅಷ್ಟೇ. ಅದರಲ್ಲಿ ಒಂದು ಚೌಕದ ಪೆನ್ಸಿಲ್ ಕೆಲಸ ಆದರೆ ಆ ದಿನ ಚೆನ್ನಾಗಿತ್ತು ಅಂತ ಲೆಕ್ಕ.

ಕತೆ ನಮ್ಮ ನೌಬಾದಿನ ಸುರಂಗ ಬಾವಿಯದು. ಕರೇಜ್ ಅಂತಾರಲ್ಲ, ಅದು. ಬಹಮನಿ ಸುಲ್ತಾನರ ಕಾಲದ್ದು, 15ನೇ ಶತಮಾನ. ನೆಲದೊಳಗೆ ಕೆಂಪುಕಲ್ಲು ಕೊರೆದು, ತುಸುವೇ ಇಳಿಜಾರು ಕೊಟ್ಟು, ನೀರು ತಾನಾಗಿ ಹರಿದು ಬರುವ ಹಾಗೆ ಮಾಡಿದ್ದಾರೆ. ರಾಟೆ ಇಲ್ಲ, ಪಂಪ್ ಇಲ್ಲ. ನಡುನಡುವೆ ಮೇಲಿಂದ ಬಾವಿಯಂಥ ಕಿಂಡಿಗಳಿವೆ. ಗಾಳಿ ಬರುವುದು, ಬೆಳಕು ಬೀಳುವುದು, ಹೂಳು ತೆಗೆಯಲು ಆಳು ಇಳಿಯುವುದು ಎಲ್ಲಾ ಅಲ್ಲಿಂದಲೇ. ನನ್ನ ಕತೆಯ ಹುಡುಗ ಹೂಳು ತೆಗೆಯುವ ಅಜ್ಜನ ಹಿಂದೆ ಒಳಗೆ ಇಳಿಯುತ್ತಾನೆ. ಇಪ್ಪತ್ತೆರಡನೇ ಪುಟದ ತನಕ ಅವನು ಬಿಸಿಲಲ್ಲಿದ್ದ. ಇಪ್ಪತ್ಮೂರರಲ್ಲಿ ಕತ್ತಲು ಶುರು.

ನಾನು ಏನು ಮಾಡಿದೆ ಅಂದ್ರೆ, ಸುರಂಗದ ಒಂದೊಂದು ಕಲ್ಲನ್ನೂ ಬರೆದೆ. ಹುಡುಗನ ಮುಖ, ಅಂಗಿಯ ಮಡಿಕೆ, ನೀರಿನ ಅಲೆ, ಎಲ್ಲಕ್ಕೂ ಸಣ್ಣ ನಿಬ್‌ನಿಂದ ಗೆರೆ ಮೇಲೆ ಗೆರೆ ಎಳೆದು ನೆರಳು ಕೊಟ್ಟೆ. ಹದಿನೈದು ದಿನದ ಕೆಲಸ. ಅಕ್ಕನ ಮಗಳಿಗೆ ತೋರಿಸಿದೆ, ಐದನೇ ಕ್ಲಾಸು. ನೋಡಿದವಳೇ ಕೇಳಿದಳು, "ಮಾಮಾ, ಒಳಗ ಲೈಟ್ ಹಚ್ಯಾರೇನು?"

ಅವಳು ಕೇಳಿದ್ದು ನಿಜ. ಎಲ್ಲಾ ಕಾಣುತ್ತಿತ್ತು. ಕತ್ತಲೇ ಇರಲಿಲ್ಲ. ಹಾಳೆ ಎತ್ತಿ ಫೈಲಿನಲ್ಲಿಟ್ಟೆ.

ಆಮೇಲೆ ಸುಮಾರು ದಿನ ಟೇಬಲ್ ಕಡೆ ಹೋಗಲಿಲ್ಲ. ಸುಮ್ನೆ ಇರಲಿಲ್ಲ ಆದರೆ. ನನಗೆ ಒಂದು ಹವ್ಯಾಸ ಇದೆ, ಶಬ್ದ ಕೂಡಿಡುವುದು. ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇರುತ್ತದೆ, ಕಿವಿಗೆ ಬಿದ್ದದ್ದನ್ನು ಅಕ್ಷರದಲ್ಲಿ ಹಿಡಿಯಲು ನೋಡುತ್ತೇನೆ. ಅವ್ವ ಜೋಳದ ರೊಟ್ಟಿ ಬಡಿಯುವಾಗ ಮೊದಲು 'ತಪ್ ತಪ್' ಅಂತ ದಪ್ಪಗೆ ಕೇಳುತ್ತದೆ, ರೊಟ್ಟಿ ತೆಳ್ಳಗಾದ ಹಾಗೆ 'ಟಪ ಟಪ ಟಪ' ಅಂತ ಚುರುಕಾಗುತ್ತದೆ. ಹಂಚಿನ ಮೇಲೆ ನೀರು ಸವರಿದಾಗ 'ಚುಂಯ್'. ಇದನ್ನೆಲ್ಲ ಬರೆದುಕೊಳ್ಳುತ್ತಾ ಒಲೆ ಹತ್ತಿರ ಕೂತರೆ ಅವ್ವ, "ಕುಂತು ಬರಿಯೋದಾದ್ರ ಎರಡು ಉಳ್ಳಾಗಡ್ಡಿನರ ಹೆಚ್ಚು" ಅಂತಾಳೆ. ಹೆಚ್ಚುತ್ತೇನೆ. ಅದರದ್ದೂ ಒಂದು ಶಬ್ದ ಇದೆ.

ಇನ್ನೊಂದು ಹವ್ಯಾಸ ಶನಿವಾರದ್ದು. ಚೌಬಾರಾ ಹತ್ತಿರದ ಗಲ್ಲಿಯಲ್ಲಿ ಒಬ್ಬ ಚಾಚಾ ಬಿದರಿ ಕೆಲಸ ಮಾಡುತ್ತಾರೆ. ಅವರ ಕಾರ್ಖಾನೆಯ ಹೊಸ್ತಿಲ ಮೇಲೆ ಕೂತು ನೋಡುವುದು, ಚಾ ಕುಡಿಯುವುದು. ವರ್ಷಗಳಿಂದ ಹೋಗುತ್ತಿದ್ದೇನೆ, ಆದರೆ ಈ ಸಲ ನೋಡಿದ ಹಾಗೆ ಯಾವತ್ತೂ ನೋಡಿರಲಿಲ್ಲ.

ಬಿದರಿ ಪಾತ್ರೆ ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದದ್ದು, ಸತುವೇ ಜಾಸ್ತಿ. ಬಣ್ಣ ಬೂದು. ಅರದಿಂದ ತಿಕ್ಕಿ ನುಣ್ಣಗೆ ಮಾಡಿ, ಮೈಲುತುತ್ತದ ನೀರು ಸವರಿ ಸ್ವಲ್ಪ ಹೊತ್ತಿನ ಮಟ್ಟಿಗೆ ಕಪ್ಪು ಮಾಡುತ್ತಾರೆ. ಚೂಪು ಮೊಳೆಯಂಥದ್ದರಿಂದ ಬಳ್ಳಿ ಗೀಚಿದರೆ ಗೆರೆ ಕಾಣಲಿ ಅಂತ. ಪೆನ್ಸಿಲ್ ಇಲ್ಲ, ಅಳಿಸುವುದಿಲ್ಲ. ಆ ಗೆರೆಯನ್ನು ಉಳಿಯಿಂದ ಕೊರೆದು, ಬೆಳ್ಳಿ ತಂತಿ ಇಟ್ಟು, ಸಣ್ಣ ಸುತ್ತಿಗೆಯಿಂದ ಕೂರಿಸುತ್ತಾರೆ, 'ಟಿಕ್ ಟಿಕ್ ಟಿಕ್'. ಮತ್ತೆ ತಿಕ್ಕುತ್ತಾರೆ. ಆಗ ನೋಡಬೇಕು, ಇಡೀ ಪಾತ್ರೆ ಒಂದೇ ಥರ ಹೊಳೆಯುತ್ತಿರುತ್ತದೆ. ಬೆಳ್ಳಿ ಎಲ್ಲಿ, ಸತು ಎಲ್ಲಿ ಗೊತ್ತೇ ಆಗುವುದಿಲ್ಲ. ಅಷ್ಟು ದಿನದ ಕೆಲಸ ಕಣ್ಣಿಗೆ ಕಾಣದು.

ಅದನ್ನು ನೋಡಿ ನನಗೆ ಫೈಲಿನಲ್ಲಿಟ್ಟ ಹಾಳೆ ನೆನಪಾಯಿತು.

ಕೊನೆಗೆ ಕೋಟೆಯ ಮಣ್ಣು. ಮಳೆ ಬಿಸಿಲು ತಾಗದ ಜಾಗದಿಂದ ತಂದದ್ದು. ಚಾಚಾ ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟು ರುಚಿ ನೋಡಿ ಸರಿ ಇದೆಯೋ ಇಲ್ಲವೋ ಹೇಳುತ್ತಾರೆ. ಅದಕ್ಕೆ ನವಸಾಗರ ಸೇರಿಸಿ ನೀರಲ್ಲಿ ಕುದಿಸಿ ಪಾತ್ರೆ ಅದ್ದಿ ತೆಗೆದರೆ, ಬೂದು ಇದ್ದದ್ದೆಲ್ಲ ಕಡುಗಪ್ಪು. ಬೆಳ್ಳಿಗೆ ಏನೂ ಆಗುವುದಿಲ್ಲ. ಎಣ್ಣೆ ಸವರಿದಾಗ ಆ ಬಳ್ಳಿ ಎದ್ದು ಬರುತ್ತದಲ್ಲ, ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ ಅನ್ನುತ್ತದೆ. "ಬೆಳ್ಳಿ ಭಾಳ ಹಾಕಿದ್ರ ಚಂದ ಆಗಂಗಿಲ್ಲ ತಮ್ಮಾ, ಕರಿ ಜಾಗ ಬಿಡಬೇಕು" ಅಂದರು ಚಾಚಾ. ಅವರು ಕೈಯಲ್ಲಿದ್ದ ಸುರಾಹಿಯ ಬಗ್ಗೆ ಹೇಳಿದ್ದು.

ಅವತ್ತೇ ರಾತ್ರಿ ಹೊಸ ಹಾಳೆ ತೆಗೆದೆ. ಎಲ್ಲಾ ಕಡೆ ಕಪ್ಪು, ಬಿಳಿ ಮೂರೇ ಕಡೆ: ದೂರದ ಕಿಂಡಿಯಿಂದ ಬಿದ್ದ ಬೆಳಕಿನ ಬಿಲ್ಲೆ, ನೀರಿನ ಒಂದು ಅಂಚು, ಹುಡುಗನ ಕಿವಿ ಮತ್ತು ಹೆಗಲು. ಹೇಳಲು ಸುಲಭ. ಇಂಕು ಒಂದೇ ಸಲ ದಪ್ಪಗೆ ಬಳಿದರೆ ಹಾಳೆ ಸುಕ್ಕುಗಟ್ಟುತ್ತದೆ, ತೆಳ್ಳಗೆ ಬಳಿದು, ಒಣಗಲು ಬಿಟ್ಟು, ಮತ್ತೊಂದು ಸಲ ಬಳಿಯಬೇಕು. ಬೇಸಿಗೆ ಬೇರೆ. ಫ್ಯಾನ್ ಹಾಕಿದರೆ ನಿಬ್ ಮೇಲೇ ಇಂಕು ಒಣಗುತ್ತದೆ, ಹಾಕದಿದ್ದರೆ ಬೆವರು ಹಾಳೆಗೆ ತಾಗುತ್ತದೆ. ಅಂಗೈ ಕೆಳಗೆ ಕರ್ಚೀಫ್ ಇಟ್ಟುಕೊಂಡು ಹನ್ನೊಂದು ರಾತ್ರಿ ಕೂತೆ.

ಮಾತು ಬರೆಯುವುದೂ ನಿಧಾನದ ಕೆಲಸವೇ. ಅಂಗಡಿಯಲ್ಲಿ ದಿನವಿಡೀ ಕಂಪ್ಯೂಟರ್ ಅಕ್ಷರ ನೋಡುತ್ತೇನೆ, ಇಲ್ಲಿ ಕೈಯಿಂದಲೇ ಬರೆಯಬೇಕು ಅಂತ ಆಸೆ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲಾ ದೊಡ್ಡಕ್ಷರ, ಮೇಲೆ ಕೆಳಗೆ ಸಮ, ಸಾಲು ಒತ್ತೊತ್ತಾಗಿ ಕೂರುತ್ತವೆ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಎರಡು ಸಾಲಿನ ನಡುವೆ ಜಾಗ ಬಿಡದಿದ್ದರೆ ಒಂದಕ್ಕೊಂದು ಡಿಕ್ಕಿ. ಪದಗಳೂ ಉದ್ದ. 'ಏನು ಮಾಡುತ್ತಿದ್ದೀಯ' ಅಂತ ಬರೆದರೆ ಮಾತಿನ ಗುಳ್ಳೆಯೇ ಅರ್ಧ ಚೌಕ ತಿನ್ನುತ್ತದೆ. 'ಏನ್ ಮಾಡ್ಲತ್ತಿ' ಅಂದರೆ ಹಿಡಿಯುತ್ತದೆ. ಮೊದಲ ಏಳು ಪುಟ ಪುಸ್ತಕದ ಕನ್ನಡದಲ್ಲಿ ಬರೆದಿದ್ದೆ, ಅಳಿಸಿ ನಮ್ಮ ಮಾತಿನಲ್ಲೇ ಮತ್ತೆ ಬರೆದೆ. ಆ ಅಜ್ಜ ಬೀದರಿನವನು, ಅವನು ಹಂಗೇ ಮಾತಾಡಬೇಕು ಅಲ್ವಾ?

ಹೊಸ ಪುಟವನ್ನು ಅಕ್ಕನ ಮಗಳು ಬಹಳ ಹೊತ್ತು ನೋಡಿದಳು. ಕಿಂಡಿಯ ಬೆಳಕಿನ ಮೇಲೆ ಬೆರಳಿಟ್ಟು, "ಅಲ್ಲಿತನಕ ಇವ ಒಬ್ಬನೇ ಹೋಗಬೇಕೇನು?" ಅಂದಳು.

ಇಲ್ಲ, ಅಜ್ಜ ಇದ್ದಾನೆ. ಇಪ್ಪತ್ನಾಲ್ಕರಲ್ಲಿ ಅವನು ಕತ್ತಲಲ್ಲೇ ಮಾತು ಶುರು ಮಾಡುತ್ತಾನೆ, ಜೊತೆಗೆ ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. 'ತೊಟ್' ಅಂತ ಬರೆದಿದ್ದೇನೆ, ಕೆರೆಯ ಹನಿಯ ಹಾಗಿದೆ, ಕಲ್ಲಿನೊಳಗಿನದ್ದು ಅನ್ನಿಸುತ್ತಿಲ್ಲ. ಭಾನುವಾರ ಬೆಳಿಗ್ಗೆ ಬೇಗ ಎದ್ದು ಸೈಕಲ್ ಮೇಲೆ ನೌಬಾದಿಗೆ ಹೋಗುತ್ತೇನೆ, ನೋಟ್‌ಬುಕ್ ಹಿಡಿದುಕೊಂಡು.