ಕೆಂಪು ತಾರೆಯನ್ನು ದಿಟ್ಟಿಸಬೇಡಿ

ಬೆಳಕು ಏರಿಳಿಯುವ ವೇರಿಯಬಲ್ ನಕ್ಷತ್ರಗಳ ಕಾಂತಿಮಾನವನ್ನು (ಪ್ರಕಾಶದ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು) ಕಣ್ಣಂದಾಜಿನಲ್ಲೇ 0.1ರಿಂದ 0.2ರಷ್ಟು ನಿಖರವಾಗಿ ಹೇಳಬಹುದು. ಬೇಕಿರುವುದು ಸುತ್ತಮುತ್ತ ಬೆಳಕು ಬದಲಾಗದ ಎರಡು ನಕ್ಷತ್ರ: ಒಂದು ತುಸು ಪ್ರಕಾಶಮಾನ, ಇನ್ನೊಂದು ತುಸು ಮಂಕು. ಡೆಲ್ಟಾ ಸೆಫಿ ಎಂಬ ವೇರಿಯಬಲ್ ನಕ್ಷತ್ರಕ್ಕೆ 3.4ರ ಝೀಟಾ, 4.2ರ ಎಪ್ಸಿಲಾನ್ ಪಕ್ಕದಲ್ಲೇ ಇವೆ. ಎರಡರ ಸರಿಯಾದ ನಡುವೆ ಕಂಡರೆ 3.8. ಹೋಲಿಕೆ ತಾರೆಗಳ ನಕ್ಷೆಯಲ್ಲಿ 72 ಎಂದಿದ್ದರೆ 7.2 ಎಂದು ಓದಿ. ದಶಾಂಶ ಬಿಂದುವನ್ನೇ ನಕ್ಷತ್ರವೆಂದುಕೊಳ್ಳಬಾರದೆಂದು ಅದನ್ನು ಬಿಟ್ಟಿರುತ್ತಾರೆ.

ನಿಜವಾಗಿ ಕಾಡುವುದು ಮೀರಾದಂಥ ಕೆಂಪು ತಾರೆಗಳು. ದಿಟ್ಟಿಸಿದಷ್ಟೂ ಅವು ಹೆಚ್ಚು ಬೆಳಗುವಂತೆ ತೋರುತ್ತವೆ, ಅಂದಾಜು ಸುಲಭವಾಗಿ ಅರ್ಧ ಕಾಂತಿಮಾನದಷ್ಟು ತಪ್ಪಬಹುದು. ಒಂದೊಂದು ಕ್ಷಣ ಮಾತ್ರ ನೋಡಿ, ನೋಟ ಬದಲಿಸಿ. ಬೈನಾಕ್ಯುಲರ್ ಅಥವಾ ದೂರದರ್ಶಕದ ಫೋಕಸ್ ತುಸು ಕೆಡಿಸಿದರೆ ಚುಕ್ಕೆಗಳು ಬಿಲ್ಲೆಗಳಾಗಿ ಹರಡಿ ಬಣ್ಣದ ಮೋಸ ತಗ್ಗುತ್ತದೆ. ತೀರಾ ಮಂಕಾದವಕ್ಕೆ ಈ ಉಪಾಯ ನಡೆಯದು. ಹೋಲಿಸುವ ಎರಡು ತಾರೆಗಳನ್ನು ಸೇರಿಸುವ ಗೆರೆ ನಿಮ್ಮ ಕಣ್ಣುಗಳ ಗೆರೆಗೆ ಸಮಾನಾಂತರವಾಗುವಂತೆ ತಲೆ ವಾಲಿಸಿ, ಇಲ್ಲದಿದ್ದರೆ ಕೆಳಗಿನದೇ ಪ್ರಕಾಶಮಾನವೆನಿಸುವ ಅಪಾಯವಿದೆ. ಕಣ್ಣು ಕತ್ತಲಿಗೆ ಒಗ್ಗಲು 20–30 ನಿಮಿಷ ಕೊಡಿ, ಟಾರ್ಚ್ ಮಂದ ಕೆಂಪಿನದಿರಲಿ.

ಹಿಂದಿನ ಅಂದಾಜನ್ನು ನೋಡಲೇಬೇಡಿ. ನಿರೀಕ್ಷೆ ಕಣ್ಣನ್ನು ಎಳೆಯುತ್ತದೆ, ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಮೀರಾದ ಆವರ್ತ ಸುಮಾರು 332 ದಿನ, ಹಾಗಾಗಿ ವಾರಕ್ಕೊಮ್ಮೆ ನೋಡಿದರೆ ಧಾರಾಳ. ದಿನಾಂಕ, ಸಮಯ, ಬಳಸಿದ ಹೋಲಿಕೆ ತಾರೆಗಳನ್ನು ಅಲ್ಲೇ ಬರೆದಿಡಿ. ನಕ್ಷತ್ರ ಕಾಣದಿದ್ದರೂ ಅದು ದಾಖಲೆಯೇ: ಕಂಡ ಅತಿ ಮಂಕು ಹೋಲಿಕೆ ತಾರೆ 9.8ರದ್ದಾದರೆ <9.8 ಎಂದು, ಅಂದರೆ ಅದಕ್ಕಿಂತ ಮಂಕು ಎಂದು, ನಮೂದಿಸಿ.