ಕೊನೆಯ ಸಾಲೂ ಕಾಣುತ್ತಿತ್ತು

ಚಾರ್ಟಿನ ಕೊನೆಯ ಸಾಲನ್ನೂ ತಡವರಿಸದೆ ಓದಿದೆ. ಎರಡೂ ಕಣ್ಣು 6/6. ಕಣ್ಣೊಳಗಿನ ಪ್ರೆಶರ್ ಬಲಕ್ಕೆ 17, ಎಡಕ್ಕೆ 18. 10ರಿಂದ 21ರವರೆಗೆ ಸಾಮಾನ್ಯ ಅಂತ ಸಿಸ್ಟರ್ ಹೇಳಿದ್ದರು. ಬ್ಯಾಗು ಹೆಗಲಿಗೇರಿಸಿದವಳನ್ನು ಡಾಕ್ಟರು ಮತ್ತೆ ಕೂರಿಸಿದರು. "ಅಮ್ಮನಿಗೆ ಗ್ಲಾಕೊಮಾ ಅಂದ್ರಲ್ಲ? ಹಾಗಾದ್ರೆ ಇಷ್ಟಕ್ಕೇ ಬಿಡುವ ಹಾಗಿಲ್ಲ."

ನಮ್ಮದು ಉಡುಪಿ ಕಡೆಯ ಶಂಕರಪುರದ ಹತ್ತಿರ, ಮಲ್ಲಿಗೆಯ ಊರು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಅಮ್ಮ ಕಟ್ಟಿದ ಚೆಂಡಿನಲ್ಲಿ ಒಂದು ಮೊಗ್ಗು ಓರೆಯಾದದ್ದನ್ನು ನಾನು ಕಂಡಿಲ್ಲ. ಅದಕ್ಕೇ ಅಮ್ಮನ ಕಣ್ಣಿನ ಬಗ್ಗೆ ಯಾರಿಗೂ ಸಂಶಯ ಬರಲಿಲ್ಲ. ಪಕ್ಕದಲ್ಲಿಟ್ಟ ಚಾ ಲೋಟ ಕೈತಾಗಿ ಉರುಳುವುದು, ಜಗಲಿಯ ಮೆಟ್ಟಿಲು ತಪ್ಪುವುದು ಶುರುವಾದಾಗ ಪ್ರಾಯವಾಯಿತು ಅಂದುಕೊಂಡೆವು. ಕನ್ನಡಕದ ಅಂಗಡಿಯಲ್ಲಿ ನಂಬರ್ ಬದಲಿಸಿ ಕಳಿಸಿದರು. ಗ್ಲಾಕೊಮಾ ಅಂದರೆ ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರ ಸವೆಯುವ ಕಾಯಿಲೆ, ಅದು ಸಾಮಾನ್ಯವಾಗಿ ಬದಿಯ ನೋಟವನ್ನು ಮೊದಲು ತಿನ್ನುತ್ತದೆ. ಎದುರಿನ ಮೊಗ್ಗು, ಎದುರಿನ ನಾರು ಕೊನೆಯವರೆಗೂ ಕಾಣುತ್ತಲೇ ಇರುತ್ತದೆ. ಗೊತ್ತಾಗುವಾಗ ಅಮ್ಮನ ಬಲಗಣ್ಣಿನಲ್ಲಿ ಉಳಿದದ್ದು ಕೊಳವೆಯೊಳಗಿಂದ ಇಣುಕಿದಷ್ಟು ಜಾಗ ಮಾತ್ರ.

ಮಂಗಳೂರಿನ ಆ ಆಸ್ಪತ್ರೆಯಲ್ಲಿ ನನಗೆ ಮೊದಲು ಫೀಲ್ಡ್ ಟೆಸ್ಟ್, ಬದಿಯ ನೋಟ ಎಷ್ಟಿದೆ ಎಂದು ನೋಡುವ ಪರೀಕ್ಷೆ. ಬಿಳಿ ಬೋಗುಣಿಯಂಥದ್ದರೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತಬೇಕು. ಅದರಲ್ಲೂ ಪಾಸು. "ಕಣ್ಣಿನ ಎಷ್ಟೋ ನರಕೋಶಗಳು ಸತ್ತ ಮೇಲೆಯೇ ಇದರಲ್ಲಿ ತಪ್ಪು ಕಾಣುವುದು" ಎಂದು ಡಾಕ್ಟರು ಸ್ಕ್ಯಾನಿಗೆ ಕಳಿಸಿದರು.

ಪರದೆಯ ಮೇಲೆ ಮೂಡಿದ ಆ ಚಿತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸೂಜಿಯಿಲ್ಲ, ಬಣ್ಣದ ಮದ್ದಿಲ್ಲ. ನಾಳದೊಳಗೆ ರಕ್ತಕಣ ಚಲಿಸುವುದನ್ನೇ ಬೆಳಕಿನಿಂದ ಹಿಡಿದು ಚಿತ್ರ ಮಾಡುವ ಯಂತ್ರ. ಕಪ್ಪು ಹಿನ್ನೆಲೆಯಲ್ಲಿ ದೃಷ್ಟಿನರದ ಸುತ್ತ ಬಿಳಿ ಎಳೆಗಳು, ಎಳೆಗಳಿಂದ ಮತ್ತೂ ಸಣ್ಣ ಎಳೆಗಳು, ಮಲ್ಲಿಗೆ ಗಿಡವನ್ನು ಬುಡಸಮೇತ ಕಿತ್ತಾಗ ಕಾಣುವ ಬೇರಿನ ಹಾಗೆ. ಎಡಗಣ್ಣಿನ ಚಿತ್ರದ ಕೆಳಬದಿಯಲ್ಲಿ ಮಾತ್ರ ಆ ಜಾಲ ಸವೆದು, ಒಂದು ತುಂಡು ಮಸುಕಾಗಿತ್ತು.

ಕಣ್ಣಿನ ಹಿಂಬದಿಯ ಪದರ ರೆಟಿನಾದಲ್ಲಿ ಗ್ಯಾಂಗ್ಲಿಯಾನ್ ಅನ್ನುವ ನರಕೋಶಗಳು ಸುಮಾರು 12 ಲಕ್ಷ. ಅವುಗಳ ನಾರುಗಳೆಲ್ಲ ಸೇರಿಯೇ ದೃಷ್ಟಿನರ ಆಗುವುದಂತೆ. ರಕ್ತ ಕಡಿಮೆಯಾಗಿ ಕೋಶ ಸೊರಗಿತೋ, ಸೊರಗಿದ ಕೋಶಕ್ಕೆ ರಕ್ತ ಬೇಡವಾಯಿತೋ ಎಂದು ಕೇಳಿದೆ. "ಅದೇ ಚರ್ಚೆ ಇನ್ನೂ ನಡೀತಾ ಇದೆ" ಅಂದರು.

ಆಮೇಲೆ ಕಣ್ಣಿನ ಕೆಳಗೆ ಸಣ್ಣ ವಯರು ಅಂಟಿಸಿ, ಚದುರಂಗದ ಮಣೆಯಂಥ ಕಪ್ಪು ಬಿಳಿ ಚೌಕಗಳನ್ನು ಅದಲುಬದಲು ಮಾಡಿ ತೋರಿಸಿದರು. ಈ ಕೋಶಗಳು ಎಷ್ಟು ಚುರುಕಾಗಿವೆ ಎಂದು ಅಳೆಯುವ ಪರೀಕ್ಷೆ. ಅವುಗಳಿಂದ ಬರುವ ವಿದ್ಯುತ್ ಅಲೆಯ ಎತ್ತರ ಕೆಲವೇ ಮೈಕ್ರೋವೋಲ್ಟ್. ನನ್ನ ಎಡಗಣ್ಣಿನ ಅಲೆ ಗಿಡ್ಡ. ಆದರೆ ಗಿಡ್ಡ ಅಂದರೆ ಎಲ್ಲ ಸತ್ತಿವೆ ಅಂತಲ್ಲ. ಸತ್ತ ಕೋಶ ಮರಳಿ ಬಾರದು. ಬದುಕಿದ್ದೂ ದಣಿದಿರುವ ಕೋಶ ಪ್ರೆಶರ್ ಇಳಿಸಿದರೆ ಕೆಲವೊಮ್ಮೆ ಚೇತರಿಸಿಕೊಳ್ಳುತ್ತದೆ. ಆ ಒಂದು ಮಾತು ಕೇಳಿ ನನಗೆ ಅಳು ಬಂತು. ಅಮ್ಮನಿಗೆ ಈ ಮಾತು ಹೇಳುವ ಕಾಲ ಯಾವತ್ತೋ ದಾಟಿಹೋಗಿತ್ತು.

17, 18 ಸಾಮಾನ್ಯವೇ, ಆದರೆ ನನ್ನ ನರಕ್ಕೆ ಅದೂ ಹೆಚ್ಚು. ಬಿಪಿ ಮಾತ್ರೆ ಯಾವ ಹೊತ್ತಿಗೆ ಅಂತ ಕೇಳಿದರು. ರಾತ್ರಿ ಅಂದೆ. ನಿದ್ದೆಯಲ್ಲಿ ಬಿಪಿ ಹೇಗೂ ಇಳಿಯುತ್ತದೆ, ತೀರಾ ಇಳಿದರೆ ದೃಷ್ಟಿನರಕ್ಕೆ ರಕ್ತ ಸಾಲದೆ ಹೋಗಬಹುದು. ನೀವಾಗಿಯೇ ಬದಲಿಸಬೇಡಿ, ಮಾತ್ರೆ ಕೊಟ್ಟ ಡಾಕ್ಟರಲ್ಲಿ ಕೇಳಿ ಅಂತ ಚೀಟಿ ಬರೆದುಕೊಟ್ಟರು.

ಕೊನೆಗೆ ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿ ನೋಡಿದ್ದರಿಂದ, ವಾಪಸು ಬರುವಾಗ ಕೂಳೂರು ಸೇತುವೆಯ ಮೇಲೆ ಹೊಳೆಯ ಬೆಳಕು ಕಣ್ಣಿಗೆ ಚುಚ್ಚಿತು. ಕಟಪಾಡಿಯವರೆಗೂ ಸೆರಗು ಮುಖಕ್ಕೆ ಹಿಡಿದೇ ಕೂತಿದ್ದೆ.

ರಾತ್ರಿ ಕಣ್ಣಿನ ಪ್ರೆಶರ್ ಇಳಿಸುವ ಮದ್ದಿನ ಮೊದಲ ಹನಿ ಹಾಕಿಕೊಳ್ಳುವಾಗ ಅಮ್ಮ ಪಕ್ಕಕ್ಕೆ ಬಂದು, ನನ್ನ ಮುಖ ತಡವಿ, ಕಣ್ಣಿನ ಒಳಮೂಲೆಯನ್ನು ತೋರುಬೆರಳಿನಿಂದ ಒತ್ತಿದರು. "ಹೀಗೆ ಹಿಡ್ಕೋ, ಇಲ್ಲದಿದ್ರೆ ಮದ್ದು ಗಂಟಲಿಗೆ ಇಳೀತದೆ." ಬೆರಳಿಗೆ ಮಲ್ಲಿಗೆಯ ವಾಸನೆ ಇತ್ತು.

ತಂಗಿಗೆ ಫೋನ್ ಮಾಡಿದೆ. "ನಂಗೆ ಎಲ್ಲ ಸರಿಯಾಗಿಯೇ ಕಾಣ್ತದೆ ಅಕ್ಕ" ಅಂದಳು.

"ನಂಗೂ ಕಾಣ್ತಿತ್ತು ಮಾರಾಯ್ತಿ" ಅಂದೆ. ಸೋಮವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದೇನೆ.